ಹಳೆಯ ನದಿ ನಕ್ಷೆಯನ್ನು ಇಂದಿನ ಭೂಪಟದ ಮೇಲೆ ಕೂರಿಸುವುದು ಹೇಗೆ?

ಅಮೆರಿಕದ ಮಿಸಿಸಿಪ್ಪಿ ನದಿಯ ಹತ್ತೊಂಬತ್ತನೆಯ ಶತಮಾನದ ನಕ್ಷೆಗಳು ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ. ಅಂಥದೊಂದು ಹಾಳೆಯನ್ನು ಇಂದಿನ ಭೂಪಟದ ಮೇಲೆ ಹಾಸಿ, ನದಿ ಎಷ್ಟು ಸರಿದಿದೆಯೆಂದು ನೋಡಹೊರಟವರು ಬಹುತೇಕ ಒಂದೇ ಕಡೆ ಎಡವುವುದನ್ನು ಕಂಡು ಇದನ್ನು ಬರೆಯುತ್ತಿದ್ದೇನೆ.

ಮೊದಲು ಹಾಳೆಯ ಆಯ್ಕೆ. ಸ್ಯಾಮ್ಯುಯೆಲ್ ಕಮಿಂಗ್ಸ್‌ನ ಕೈಪಿಡಿಯಂಥವು ಹಡಗು ನಡೆಸುವವರಿಗಾಗಿ ಬಂದವು. ಓದಲು ಸೊಗಸು, ಆದರೆ ಭೂಪಟಕ್ಕೆ ಹೊಂದಿಸಲು ನಿರುಪಯುಕ್ತ. 1879ರಲ್ಲಿ ಸ್ಥಾಪನೆಯಾದ ಮಿಸಿಸಿಪ್ಪಿ ನದಿ ಆಯೋಗದ 1:20,000 ಪ್ರಮಾಣದ ಹಾಳೆಗಳನ್ನೇ ಹಿಡಿಯಿರಿ. ಅವುಗಳಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 20 ಮೀಟರ್.

ಎರಡನೆಯದು, ಹಾಳೆಯ ಟಿಫ್ ಚಿತ್ರಕಡತವನ್ನು ಇಳಿಸಿಕೊಂಡು ಕ್ಯೂಜಿಐಎಸ್ ಎಂಬ ಉಚಿತ ಭೂಪಟ ತಂತ್ರಾಂಶದಲ್ಲಿ ತೆರೆಯುವುದು. ಬೈಂಡಾದ ಪುಸ್ತಕದಿಂದ ಮೊಬೈಲಿನಲ್ಲಿ ತೆಗೆದ ಚಿತ್ರ ಬೇಡ. ಹೊಲಿಗೆಯ ಹತ್ತಿರ ಕಾಗದ ಬಾಗಿರುತ್ತದೆ. ಹಾಳೆಯನ್ನು ತಾನಾಗಿಯೇ ನೇರ ಮಾಡಿಕೊಡುವ ಆ್ಯಪ್‌ಗಳಂತೂ ಒಂದೊಂದು ಅಂಚನ್ನು ಒಂದೊಂದು ರೀತಿ ಎಳೆದು ಕೆಲಸ ಕೆಡಿಸುತ್ತವೆ.

ಮೂರನೆಯದೇ ಕಷ್ಟದ ಹಂತ. ಹಳೆಯ ಹಾಳೆಯಲ್ಲೂ ಹೊಸ ಭೂಪಟದಲ್ಲೂ ಇರುವ ಒಂದೇ ಜಾಗವನ್ನು ಗುರುತಿಸಿ ಜೋಡಿ ಮಾಡಬೇಕು. ಕಣ್ಣಿಗೆ ಮೊದಲು ಬೀಳುವುದು ನದಿಯ ತಿರುವು, ದ್ವೀಪದ ತುದಿ, ಸಂಗಮ. ಇವು ಮೂರನ್ನೂ ಮುಟ್ಟಲೇಬಾರದು. ಏನು ಸರಿದಿದೆಯೆಂದು ಅಳೆಯಲು ಹೊರಟಿದ್ದೇವೋ ಅದನ್ನೇ ಅಳತೆಗೋಲು ಮಾಡಿಕೊಂಡರೆ ಸರಿದದ್ದು ಕಾಣುವುದಾದರೂ ಹೇಗೆ? ವಿಕ್ಸ್‌ಬರ್ಗ್ ಊರನ್ನೇ ನೋಡಿ. ಅಮೆರಿಕದ ಅಂತರ್ಯುದ್ಧದಲ್ಲಿ ಆ ಊರಿಗೆ ಬಿದ್ದ 1863ರ ಮುತ್ತಿಗೆಯ ಕಾಲದ ನಕ್ಷೆಗಳಲ್ಲಿ ಮಿಸಿಸಿಪ್ಪಿ ಆ ಊರ ಮುಂದೆಯೇ ಹರಿಯುತ್ತದೆ. 1876ರಲ್ಲಿ ಅದು ಎದುರಿನ ನೆಲದ ಚಾಚನ್ನು ಕತ್ತರಿಸಿಕೊಂಡು ಬೇರೆ ದಾರಿ ಹಿಡಿಯಿತು. ಇಂದಿನ ಭೂಪಟದಲ್ಲಿ ಊರ ಮುಂದೆ ಕಾಣುವ ನೀರು 1903ರ ಹೊತ್ತಿಗೆ ತೋಡಿ ಮುಗಿಸಿದ ಯಾಜೂ ಕಾಲುವೆಯದು. ನಾನೂ ಮೊದಲ ಸಲ ಅದನ್ನೇ ನದಿಯ ದಡವೆಂದುಕೊಂಡು ಎರಡು ಬಿಂದು ಇಟ್ಟು, ಊರಿನ ಬೀದಿಗಳೆಲ್ಲ ಓರೆಯಾಗಿದ್ದೇಕೆಂದು ಒಂದು ಸಂಜೆಯಿಡೀ ತಲೆ ಕೆಡಿಸಿಕೊಂಡಿದ್ದೆ.

ಬದಲಿಗೆ ನೆಲದ ಮೇಲೆ ನಿಂತದ್ದನ್ನು ಹುಡುಕಿ. ಅದೇ ಊರಿನಲ್ಲಿ 1860ರಲ್ಲಿ ಮುಗಿದ ಹಳೆಯ ನ್ಯಾಯಾಲಯದ ಕಟ್ಟಡ ದಿಬ್ಬದ ಮೇಲೆ ಇಂದಿಗೂ ಇದೆ. ಊರಿಲ್ಲದ ಕಡೆ ಸರ್ಕಾರಿ ಭೂಮಾಪನದ ಒಂದು ಮೈಲಿ ಚೌಕಗಳ ಮೂಲೆಗಳು ನೆರವಿಗೆ ಬರುತ್ತವೆ. ಆ ಗೆರೆಗಳ ಮೇಲೆ ಎಷ್ಟೋ ಕಡೆ ಈಗ ರಸ್ತೆಗಳಿವೆ. ಬಿಂದುಗಳು ಹಾಳೆಯ ನಾಲ್ಕು ಮೂಲೆಗಳಿಗೂ ನಡುವಿಗೂ ಹರಡಿರಲಿ. ಹತ್ತಕ್ಕೆ ಕಡಿಮೆಯಾದರೆ ನಾನಂತೂ ಒಪ್ಪುವುದಿಲ್ಲ. ಅಂಚಿನಲ್ಲಿ ಬರೆದ ರೇಖಾಂಶವನ್ನು ಬಳಸುವುದಾದರೆ ಅದನ್ನು ಎಲ್ಲಿಂದ ಎಣಿಸಿದ್ದಾರೆಂದು ಮೊದಲು ನೋಡಿ. ವಿಕ್ಸ್‌ಬರ್ಗ್ 91ರ ಬಳಿ ಇರದೆ 14ರ ಬಳಿ ಇದ್ದರೆ ಅದು ಗ್ರೀನಿಚ್‌ನಿಂದಲ್ಲ, ವಾಷಿಂಗ್ಟನ್‌ನಿಂದ ಎಣಿಸಿದ್ದು. ಸುಮಾರು 77 ಡಿಗ್ರಿ 3 ನಿಮಿಷ ಕೂಡಿಸಿಕೊಳ್ಳಬೇಕು.

ನಾಲ್ಕನೆಯದು ಹೊಂದಿಸುವ ವಿಧಾನ. ಮೊದಲ ದರ್ಜೆಯ ಪಾಲಿನಾಮಿಯಲ್, ಅಂದರೆ ಇಡೀ ಹಾಳೆಯನ್ನು ಒಟ್ಟಾಗಿ ಸರಿಸಿ, ತಿರುಗಿಸಿ, ಹಿಗ್ಗಿಸಿ, ಓರೆ ಮಾಡಿ ಕೂರಿಸುವ ಸರಳ ಲೆಕ್ಕ ಸಾಕು. ಥಿನ್ ಪ್ಲೇಟ್ ಸ್ಪ್ಲೈನ್ ಆರಿಸಿದರೆ ದೋಷ ಸೊನ್ನೆಯೆಂದು ತೋರಿಸುತ್ತದೆ, ಅದನ್ನು ಕಂಡು ಹಿಗ್ಗುವವರಿದ್ದಾರೆ. ಅದು ಕೊಟ್ಟ ಬಿಂದುಗಳಿಗೆಲ್ಲ ಕಾಗದವನ್ನು ರಬ್ಬರಿನಂತೆ ಎಳೆದು ತಾಗಿಸುವುದರಿಂದ, ತಪ್ಪು ಬಿಂದುವೂ ಸರಿಯೆಂದೇ ಕಾಣುತ್ತದೆ.

ಕೊನೆಗೆ, ಹೊಂದಿಕೆಯಲ್ಲಿ ಬಳಸದೆ ಬದಿಗಿಟ್ಟಿದ್ದ ಎರಡು ಮೂರು ಬಿಂದುಗಳು ಎಷ್ಟು ದೂರ ಬಿದ್ದಿವೆಯೆಂದು ಅಳೆಯಿರಿ. ಅವು ಸರಿಯಾಗಿ ಕೂತ ಮೇಲೂ ನದಿ ಬೇರೆಲ್ಲೋ ಇದ್ದರೆ ಗಾಬರಿಯಾಗಿ ಬಿಂದುಗಳನ್ನು ತಿದ್ದಬೇಡಿ. ಇಲಿನಾಯ್ ರಾಜ್ಯದ ಮೊದಲ ರಾಜಧಾನಿ ಕಾಸ್ಕಾಸ್ಕಿಯಾ ಹಳೆಯ ಹಾಳೆಗಳಲ್ಲಿ ಮಿಸಿಸಿಪ್ಪಿಯ ಪೂರ್ವಕ್ಕಿದೆ, 1881ರ ಪ್ರವಾಹದಲ್ಲಿ ನದಿ ಪಾತ್ರ ಬದಲಿಸಿದ್ದರಿಂದ ಈಗ ಪಶ್ಚಿಮಕ್ಕಿದೆ. ನಿಮ್ಮ ತೆರೆಯ ಮೇಲೂ ಹಾಗೆಯೇ ಕಾಣಬೇಕು.