ದುಬೈಯ ಜೆಬೆಲ್ ಅಲಿ ಬಂದರಿನಿಂದ ನವಮಂಗಳೂರಿಗೆ ಹದಿನೆಂಟು ಅಡಿಯ ಬೋಟು: ನನ್ನ ಅನುಭವ

ಬೋಟನ್ನು ಕಂಟೈನರಿನಲ್ಲಿ ಕಳಿಸುವವರು ಮೊದಲು ವಿಚಾರಿಸುವುದು ಹಡಗಿನ ಬಾಡಿಗೆ. ನಾನು ಮೊದಲು ಕೈಗೆತ್ತಿಕೊಳ್ಳುವುದು ಅಳತೆ ಟೇಪು. 20 ಅಡಿ ಕಂಟೈನರಿನ ಒಳ ಉದ್ದ ಸುಮಾರು 5.90 ಮೀಟರ್, ಬಾಗಿಲಿನ ಅಗಲ 2.34, ಎತ್ತರ 2.28. ಎತ್ತರ ಹೆಚ್ಚಿರುವ ನಲವತ್ತಡಿಯ ಕಂಟೈನರಾದ ಹೈ ಕ್ಯೂಬಿನಲ್ಲಿ ಉದ್ದ 12.03, ಬಾಗಿಲಿನ ಎತ್ತರ 2.58. ಆದರೆ ಅಗಲ ಅದೇ 2.34. ಎಷ್ಟು ದುಡ್ಡು ಕೊಟ್ಟರೂ ಅದು ಹಿಗ್ಗುವುದಿಲ್ಲ.

ಇಲ್ಲಿ ಹೇಳುತ್ತಿರುವುದು 5.4 ಮೀಟರ್ ಉದ್ದ, 2.15 ಮೀಟರ್ ಅಗಲದ ಫೈಬರ್ ಬೋಟು ಮತ್ತು 70 ಅಶ್ವಶಕ್ತಿಯ ಫೋರ್‌ಸ್ಟ್ರೋಕ್ ಔಟ್‌ಬೋರ್ಡ್ ಇಂಜಿನಿನ ಬಗ್ಗೆ. ಇಂಜಿನು ಬಿಚ್ಚಿದರೆ ಇದು ಇಪ್ಪತ್ತಡಿಯಲ್ಲಿ ಕೂರುತ್ತದೆ, ಎರಡೂ ಬದಿಗೆ ಒಂಬತ್ತೂವರೆ ಸೆಂಟಿಮೀಟರ್ ಜಾಗ ಉಳಿಯುತ್ತದೆ. ಅಗಲ ಅಳೆಯುವಾಗ ರಬ್ಬರ್ ಅಂಚಿನ ಹೊರಮೈಯಿಂದ ಹೊರಮೈಗೆ ಅಳೆಯಬೇಕು. ಕ್ಯಾಟಲಾಗಿನ ಅಗಲದಲ್ಲಿ ಆ ಅಂಚು ಸೇರಿರುತ್ತದೆ ಎಂದು ನಂಬಬೇಡಿ.

ಅಗಲ 2.30 ದಾಟಿತೆಂದರೆ ದಾರಿಗಳು ಕಡಿಮೆ. ಬದಿಗೋಡೆ, ಚಾವಣಿ ಇಲ್ಲದ ಕಂಟೈನರಾದ ಫ್ಲ್ಯಾಟ್ ರ್‍ಯಾಕಿನಲ್ಲಿ ಕಳಿಸಿದರೆ ಹೊರಚಾಚಿದ ಭಾಗ ಪಕ್ಕದ ಕಂಟೈನರಿನ ಜಾಗವನ್ನೂ ತಿನ್ನುತ್ತದೆ, ಹಡಗಿನವರು ಅದಕ್ಕೂ ಬಿಲ್ ಹಾಕುತ್ತಾರೆ. ಕಾರು ಸಾಗಿಸುವ ರೋರೋ ಹಡಗಿಗೆ ಟ್ರೇಲರ್ ಬೇಕು, ಆ ಹಡಗು ನಿಮ್ಮ ಬಂದರಿಗೆ ಬರಲೂ ಬೇಕು. ಮೂರನೆಯದು ಬೋಟನ್ನು ಓರೆಯಾಗಿ ನಿಲ್ಲಿಸುವುದು. ಓರೆ ಮಾಡಿದ ತಕ್ಷಣ ಅಗಲ ಕಡಿಮೆಯಾಗುತ್ತದೆ ಅನ್ನುವುದು ಪೂರ್ತಿ ನಿಜವಲ್ಲ. ಹಿಂಬದಿ ಚೌಕಾಕಾರವಾಗಿದ್ದರೆ ಮೊದಲ ಕೆಲವು ಡಿಗ್ರಿಗಳಲ್ಲಿ ಅದು ಹೆಚ್ಚೇ ಆಗುತ್ತದೆ. ಬೋಟಿನ ಅತಿ ಅಗಲದ ಅಡ್ಡಸೀಳನ್ನು ಹತ್ತರಲ್ಲೊಂದು ಅಳತೆಗೆ ರಟ್ಟಿನಲ್ಲಿ ಕತ್ತರಿಸಿ, 23.4 ಸೆಂಟಿಮೀಟರ್ ಅಗಲ, 25.8 ಎತ್ತರದ (ಹೈ ಕ್ಯೂಬಿನ ಬಾಗಿಲಿನ ಅಳತೆ) ಚೌಕಟ್ಟಿನೊಳಗೆ ತಿರುಗಿಸಿ ನೋಡಿದರೆ ಹತ್ತು ನಿಮಿಷದಲ್ಲಿ ಉತ್ತರ ಸಿಗುತ್ತದೆ.

ಅಳತೆ ಹೊಂದಿತು ಅಂತಾದರೆ ಬುಕಿಂಗಿಗೆ ಮುಂಚೆ ಇನ್ನೊಂದು ಪ್ರಶ್ನೆ: ಬೋಟು ಹೊಸದೋ, ಬಳಸಿದ್ದೋ? ಭಾರತದ ವಿದೇಶಿ ವ್ಯಾಪಾರ ನೀತಿಯಲ್ಲಿ ಬಂಡವಾಳ ಸರಕಲ್ಲದ (ಉತ್ಪಾದನೆಯ ಯಂತ್ರೋಪಕರಣವಲ್ಲದ) ಹಳೆಯ ವಸ್ತುಗಳು ನಿರ್ಬಂಧಿತ ಪಟ್ಟಿಯಲ್ಲಿವೆ, ಅವಕ್ಕೆ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಪರವಾನಗಿ ಬೇಕು. ದುಬೈಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಹಳೆ ಬೋಟು ಹತ್ತಿಸಿ ಕಳಿಸಿ, ಆಮೇಲೆ ಪರವಾನಗಿಗೆ ಓಡಾಡಲು ಹೊರಟರೆ ಬಂದರಿನ ಬಾಡಿಗೆಯೇ ಬೋಟಿನ ಬೆಲೆಯನ್ನು ನುಂಗುತ್ತದೆ. ಹೊಸದಾದರೆ ತೆರಿಗೆಯ ಲೆಕ್ಕ ಮೊದಲೇ ಹಾಕಿ. ಮೋಜಿನ ಬೋಟುಗಳು ಕಸ್ಟಮ್ಸ್‌ನ 8903ನೇ ಶೀರ್ಷಿಕೆಯಡಿ ಬರುತ್ತವೆ, ಬಿಡಿಯಾಗಿ ಬರುವ ಔಟ್‌ಬೋರ್ಡ್ 8407ರಲ್ಲಿ. 2025ರ ಸೆಪ್ಟೆಂಬರ್ 22ರಿಂದ 8903ಕ್ಕೆ ಜಿಎಸ್‌ಟಿ ಶೇ. 40. ಆಮದಿನಲ್ಲಿ ಅದು ಬೋಟಿನ ಬೆಲೆಯ ಮೇಲಷ್ಟೇ ಅಲ್ಲ, ಹಡಗಿನ ಬಾಡಿಗೆ, ವಿಮೆ, ಮೂಲ ಸುಂಕ, ಸರ್ಚಾರ್ಜು ಎಲ್ಲ ಕೂಡಿಸಿದ ಮೊತ್ತದ ಮೇಲೆ ಬೀಳುತ್ತದೆ. ಯುಎಇಯಲ್ಲೇ ಕಟ್ಟಿದ ಬೋಟಾದರೆ 2022ರ ಮೇ 1ರಿಂದ ಜಾರಿಯಲ್ಲಿರುವ ಭಾರತ-ಯುಎಇ ವ್ಯಾಪಾರ ಒಪ್ಪಂದವಾದ ಸೆಪಾದ ಮೂಲಪ್ರಮಾಣ ಪತ್ರ (ಬೋಟು ಎಲ್ಲಿ ತಯಾರಾಯಿತೆಂಬ ದಾಖಲೆ) ತೆಗೆದಿಟ್ಟುಕೊಂಡು, ಮೂಲ ಸುಂಕದಲ್ಲಿ ರಿಯಾಯಿತಿ ಸಿಗುತ್ತದೆಯೇ ಎಂದು ಕಸ್ಟಮ್ಸ್ ಬ್ರೋಕರರ ಹತ್ತಿರ ಬರವಣಿಗೆಯಲ್ಲಿ ಕೇಳಿ. ಮೀನುಗಾರಿಕೆ ದೋಣಿ ಎಂದು 8902ರಲ್ಲಿ ತೋರಿಸಿಬಿಡೋಣ ಎನ್ನುವ ಬುದ್ಧಿವಂತರು ಎಲ್ಲ ಕಡೆ ಸಿಗುತ್ತಾರೆ. ಮೆತ್ತನೆ ಸೀಟು, ಕಪ್ ಹೋಲ್ಡರ್ ಇರುವ ಮೀನುದೋಣಿಯನ್ನು ಯಾವ ಅಧಿಕಾರಿಯೂ ಒಪ್ಪುವುದಿಲ್ಲ.

ಟ್ರೇಲರನ್ನು ನಾನು ಅಲ್ಲೇ ಬಿಡುತ್ತೇನೆ. ಅದರ ಮಡ್‌ಗಾರ್ಡುಗಳೇ ಹೆಚ್ಚಾಗಿ ಬಾಗಿಲಿಗಿಂತ ಅಗಲ, ಉದ್ದದ ಮೂತಿಯಿಂದಾಗಿ ಇಪ್ಪತ್ತಡಿ ಸಾಲುವುದಿಲ್ಲ. ಇಲ್ಲಿ ಬಂದ ಮೇಲೆ ಅದರ ನೋಂದಣಿ ಬೇರೆ ತಲೆನೋವು. ಬದಲಿಗೆ ಉಕ್ಕಿನ ಕ್ರೇಡಲ್, ಅಂದರೆ ಬೋಟು ಕೂರುವ ಚೌಕಟ್ಟು, ಮಾಡಿಸಬೇಕು: 75×75 ಮಿಲಿಮೀಟರ್ ಚೌಕ ಪೈಪಿನಲ್ಲಿ 4.5 ಮೀಟರಿನ ಎರಡು ಉದ್ದ ಕಂಬಿ, ಮೂರು ಅಡ್ಡಪಟ್ಟಿ, ನಡುವೆ ಕೀಲಿಗೆ (ಬೋಟಿನ ತಳದ ನಡುಗೆರೆಯ ಬೆನ್ನೆಲುಬು) ಮರದ ದಿಮ್ಮಿ, ಬದಿಗೆ ನಾಲ್ಕು ಆಸರೆ. ಒಟ್ಟು ತೂಕ 150 ಕೆಜಿ ಆಸುಪಾಸು.

ಆಸರೆ ಎಲ್ಲಿ ಬರಬೇಕು ಎಂಬುದು ಫ್ಯಾಬ್ರಿಕೇಟರಿಗೆ ಗೊತ್ತಿರುವುದಿಲ್ಲ, ನಾವೇ ಗುರುತು ಹಾಕಿಕೊಡಬೇಕು. ಭಾರವೆಲ್ಲ ಕೀಲಿನ ಮೇಲೆ ಕೂರಬೇಕು. ಬದಿಯ ಆಸರೆಗಳ ಕೆಲಸ ಬೋಟು ವಾಲದಂತೆ ನೋಡಿಕೊಳ್ಳುವುದಷ್ಟೆ. ಅವು ಒಳಗಿನ ಅಡ್ಡಗೋಡೆ ಅಥವಾ ಉದ್ದ ತೊಲೆಯ ನೇರ ಕೆಳಗೇ ಬರಬೇಕು. ಬರಿ ಹಾಳೆಯಂಥ ತಳಕ್ಕೆ ಆಸರೆ ಒತ್ತಿದರೆ ಮೂರು ವಾರದ ಬಿಸಿಲಲ್ಲಿ ಅಲ್ಲೊಂದು ತಗ್ಗು ಬಿದ್ದು ಅದೇ ಆಕಾರ ಖಾಯಂ ಆಗುತ್ತದೆ. ಗಲ್ಫಿನ ಬೇಸಿಗೆಯಲ್ಲಿ ಮುಚ್ಚಿದ ಕಂಟೈನರಿನೊಳಗೆ ರಾಳ ಸ್ವಲ್ಪ ಮೆತ್ತಗಾಗುತ್ತದೆ ಎಂಬುದನ್ನು ಮರೆಯಬಾರದು. ಹಿಂಬದಿಯ ಕೊನೆಯ ಒಂದು ಮೀಟರಿನಲ್ಲಿ ಇಂಥ ತಗ್ಗು ಬಿದ್ದರೆ ಬೋಟು ನೀರಿನಲ್ಲಿ ಮೂತಿ ತಗ್ಗಿಸಿ ಓಡುತ್ತದೆ, ವೇಗ ಹೋಗುತ್ತದೆ, ಕಾರಣ ಇಂಜಿನಿನಲ್ಲಿದೆ ಎಂದು ಜನ ಪ್ರೊಪೆಲ್ಲರ್ ಬದಲಿಸುತ್ತಾ ಕೂರುತ್ತಾರೆ. ಆದ್ದರಿಂದ ಕೀಲಿನ ದಿಮ್ಮಿ ಟ್ರಾನ್ಸಮ್ಮಿನ (ಇಂಜಿನು ಕೂರುವ ಹಿಂಗೋಡೆ) ಕೆಳಗಿನವರೆಗೂ ಚಾಚಿರಲಿ. ಆಸರೆಗೆ ಕಾರ್ಪೆಟ್ ಸುತ್ತಬೇಡಿ, ಅದು ತೇವ ಹಿಡಿದು ಬೋಟಿನ ಹೊರಮೈಯ ಹೊಳಪು ಪದರವಾದ ಜೆಲ್‌ಕೋಟಿಗೆ ಕಲೆ, ಗುಳ್ಳೆ ತರುತ್ತದೆ. 20 ಮಿಲಿಮೀಟರಿನ ಗಟ್ಟಿ ರಬ್ಬರ್ ಸಾಕು. ಮರ ಬಳಸಿದಲ್ಲೆಲ್ಲ, ಮರದ ಮೂಲಕ ಕೀಟ ದೇಶ ದಾಟದಂತೆ ಮಾಡಿದ ಅಂತಾರಾಷ್ಟ್ರೀಯ ನಿಯಮವಾದ ಐಎಸ್‌ಪಿಎಂ 15ರ ಮುದ್ರೆ ಇರಬೇಕು, ಕಾಯಿಸುವ ವಿಧಾನವಾದರೆ ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿರಬೇಕು. ಪ್ಲೈವುಡ್ಡಿಗೆ ಇದು ಬೇಡ. ಮುದ್ರೆಯಿಲ್ಲದ ಒಂದು ತುಂಡು ಸಿಕ್ಕರೂ ಇಲ್ಲಿನ ಸಸ್ಯ ಸಂಗರೋಧದವರು ಇಡೀ ಸರಕನ್ನು ನಿಲ್ಲಿಸಬಹುದು.

ಇಂಜಿನು ಬಿಚ್ಚುವ ಮೊದಲು ಹದಿನೈದು ನಿಮಿಷ ಸಿಹಿನೀರಿನಲ್ಲಿ ಓಡಿಸಿ. ಕೊನೆಗೆ ಪೆಟ್ರೋಲ್ ಪೈಪು ಕಳಚಿ ತಾನಾಗಿ ನಿಲ್ಲುವವರೆಗೆ ಬಿಡಿ. ವೇಪರ್ ಸೆಪರೇಟರಿನ (ಇಂಜಿನಿನೊಳಗಿನ ಪುಟ್ಟ ಪೆಟ್ರೋಲ್ ತೊಟ್ಟಿ) ತಳದ ಸ್ಕ್ರೂ ತೆಗೆದು ಉಳಿದದ್ದನ್ನು ಬಸಿಯಿರಿ. ಬೋಟಿನ ಟ್ಯಾಂಕನ್ನು ಗೇಜಿನ ತೂತಿನಿಂದಲೇ ಪೂರ್ತಿ ಹೀರಿ ತೆಗೆಯಬೇಕು. ಅಪಾಯಕಾರಿ ಸರಕಿನ ಸಮುದ್ರ ಸಾಗಣೆಯ ಐಎಂಡಿಜಿ ಸಂಹಿತೆಯಲ್ಲಿ ಬೋಟು ಯುಎನ್ 3166ರ ವಾಹನಗಳ ಸಾಲಿಗೆ ಸೇರುತ್ತದೆ. ಪೆಟ್ರೋಲ್ ಟ್ಯಾಂಕು ಖಾಲಿಯಿದ್ದು ಬ್ಯಾಟರಿ ಶಾರ್ಟ್ ಆಗದಂತಿದ್ದರೆ ವಿಶೇಷ ನಿಯಮ 961ರಡಿ ಅಪಾಯಕಾರಿ ಸರಕಿನ ಕಾಗದಪತ್ರಗಳಿಂದ ವಿನಾಯಿತಿ ಸಿಗುತ್ತದೆ. ಡೀಸೆಲ್ಲಿಗೆ ನಿಯಮ ಸಡಿಲ, ಪೆಟ್ರೋಲಿಗೆ ಅಲ್ಲ. ಬ್ಯಾಟರಿಯನ್ನು ನಾನು ಕಳಿಸುವುದೇ ಇಲ್ಲ, ಮಂಗಳೂರಿನಲ್ಲೇ ಹೊಸದು ಸಿಗುತ್ತದೆ.

ಆಮೇಲೆ ಸಿಲಿಂಡರಿಗೆ ತುಕ್ಕು ತಡೆಯುವ ಫಾಗಿಂಗ್ ಎಣ್ಣೆ ಸಿಂಪಡಿಸಿ, ಇಂಜಿನಿನ ತಳದ ಸಂಪ್ ಎಣ್ಣೆ ಬಸಿದು, ಒಂದು ರಾತ್ರಿ ನೆಟ್ಟಗೆ ನಿಲ್ಲಿಸಿದರೆ ತಂಪುನೀರಿನ ಹಾದಿ ಖಾಲಿಯಾಗುತ್ತದೆ. ಗೇರ್ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಸೀಲ್ ಹೋಗಿದೆ ಎಂದರ್ಥ, ಅದನ್ನು ಅಲ್ಲೇ ಸರಿಮಾಡಿಸಿ. ಫೋರ್‌ಸ್ಟ್ರೋಕ್ ಇಂಜಿನನ್ನು ಯಾವ ಮಗ್ಗುಲಿಗೆ ಮಲಗಿಸಬೇಕು ಎಂಬುದು ಅದರ ಕೈಪಿಡಿಯಲ್ಲಿರುತ್ತದೆ. ತಪ್ಪು ಮಗ್ಗುಲಿಗೆ ಮಲಗಿಸಿದರೆ ಉಳಿದ ಎಣ್ಣೆ ಸಿಲಿಂಡರಿಗೆ ಇಳಿದು, ಇಲ್ಲಿ ಮೊದಲ ಸಲ ಸ್ಟಾರ್ಟ್ ಮಾಡುವಾಗ ಪಿಸ್ಟನ್ ಸಿಕ್ಕಿಹಾಕಿಕೊಳ್ಳುತ್ತದೆ. ನಾಲ್ಕು ಟ್ರಾನ್ಸಮ್ ಬೋಲ್ಟು, ಸ್ಟೀರಿಂಗ್ ಕೊಂಡಿ, ಥ್ರಾಟಲ್ ಮತ್ತು ಗೇರಿನ ಕೇಬಲ್, ದೊಡ್ಡ ವೈರ್ ಸಾಕೆಟ್, ಇಂಧನದ ಪೈಪು: ಬಿಚ್ಚುವುದು ಇಷ್ಟೆ. ಪ್ರತಿಯೊಂದಕ್ಕೂ ಟೇಪು ಸುತ್ತಿ ಸಂಖ್ಯೆ ಬರೆದು ಫೋಟೊ ತೆಗೆದಿಡಿ. ಇಂಜಿನಿಗೆ ಬೇರೆ ಮರದ ಚೌಕಟ್ಟು ಮಾಡಿ, ಬೋಟಿನ ಒಳನೆಲದ ತೊಲೆಗಳ ಮೇಲೆ ಮಲಗಿಸಿ ಬಿಗಿಯಬೇಕು.

ಬೋಟಿನೊಳಗೆ ಏನೇನು ಇರಬಾರದು ಎಂಬುದು ಇನ್ನೂ ಮುಖ್ಯ. ಸಿಡಿಯುವ ಸಂಕೇತದ ಫ್ಲೇರುಗಳು ಸ್ಫೋಟಕದ ವರ್ಗದವು, ಒಂದನ್ನೂ ಬಿಡಬೇಡಿ. ಗಲ್ಫಿನ ಬೋಟುಗಳಲ್ಲಿ ಥುರಾಯಾ ಫೋನು ಮಾಮೂಲು, ಆದರೆ ಭಾರತದಲ್ಲಿ ಅನುಮತಿಯಿಲ್ಲದ ಸ್ಯಾಟಲೈಟ್ ಫೋನು ನೇರ ಪೊಲೀಸ್ ಕೇಸು. ವಿಎಚ್‌ಎಫ್ ರೇಡಿಯೊಗೂ ದೂರಸಂಪರ್ಕ ಇಲಾಖೆಯ ಅನುಮತಿ ಬೇಕಾಗುವುದರಿಂದ ಅದನ್ನು ಬಿಚ್ಚಿ ಅಲ್ಲೇ ಮಾರಿಬಿಡುವುದು ಲೇಸು.

ಒಳಗೆ ನೂಕುವ ದಿನ ಕಂಟೈನರಿನ ನೆಲ ಮತ್ತು ಬೋಟು ನಿಂತ ನೆಲ ಒಂದೇ ಮಟ್ಟದಲ್ಲಿರಬೇಕು. ಸರಕು ತುಂಬುವ ಕಟ್ಟೆ (ಡಾಕ್) ಇದ್ದ ಗೋದಾಮು ಹುಡುಕಿ, ಇಲ್ಲವೇ ಕಂಟೈನರನ್ನು ನೆಲಕ್ಕಿಳಿಸಲು ಹೇಳಿ. ಇಳಿಜಾರಿನ ರ್‍ಯಾಂಪಿನಲ್ಲಿ ನೂಕಿದರೆ ಮೂತಿ ಮೇಲೆದ್ದು ಬಾಗಿಲಿನ ಮೇಲ್ಪಟ್ಟಿಗೆ ತಾಗುತ್ತದೆ. ಈ ಬೋಟಿನಲ್ಲಿ ನೆರಳಿನ ಚಪ್ಪರ ಬಿಚ್ಚಿದ ಮೇಲೆ ಗಾಜಿನ ತುದಿ ಕ್ರೇಡಲ್ ಸೇರಿ 2.15 ಮೀಟರ್, ಬಾಗಿಲಿಗೆ ಉಳಿದದ್ದು 13 ಸೆಂಟಿಮೀಟರ್ ಮಾತ್ರ. ಕ್ರೇಡಲಿಗೆ ತಲಾ 500 ಕೆಜಿ ಹೊರುವ ನಾಲ್ಕು ಗಾಲಿ ಸಿಕ್ಕಿಸಿ, ಮೂತಿ ಮುಂದಾಗಿ ನಾಲ್ಕು ಜನ ನಿಧಾನವಾಗಿ ತಳ್ಳಿದರೆ ಸಾಕು, ಫೋರ್ಕ್‌ಲಿಫ್ಟಿನ ಅವಸರ ಬೇಡ. ಮೂತಿಯ ಕಡೆ ಹಗ್ಗ ಬಿಗಿಯುವವನು ಹೊರಬರುವುದು ಬೋಟಿನ ಕೆಳಗಿನ ಬದಿಯ ಸಂದಿಯಲ್ಲಿ ತೆವಳಿಕೊಂಡೇ. ದಪ್ಪಗಿನವರನ್ನು ಆ ಕೆಲಸಕ್ಕೆ ಹಾಕಬೇಡಿ.

ಒಳಗೆ ಹೋದ ಮೇಲೆ ಗಾಲಿ ಕಳಚಿ, ಕಂಬಿಗಳ ಕೆಳಗೆ 8 ಮಿಲಿಮೀಟರಿನ ಜಾರದ ರಬ್ಬರ್ ಹಾಸಿ, ಕ್ರೇಡಲನ್ನು ನೆಲಕ್ಕೆ ಕೂರಿಸಬೇಕು. ಕಟ್ಟುವ ಲೆಕ್ಕಕ್ಕೆ, ಕಂಟೈನರಿನಲ್ಲಿ ಸರಕು ತುಂಬುವ ಅಂತಾರಾಷ್ಟ್ರೀಯ ನಿಯಮಾವಳಿಯಾದ ಸಿಟಿಯು ಸಂಹಿತೆಯನ್ನು ಹಿಡಿಯುತ್ತೇನೆ: ರಸ್ತೆಯಲ್ಲಿ ಬ್ರೇಕ್ ಹಾಕಿದಾಗ ಮುಂದಕ್ಕೆ ತೂಕದ 0.8ರಷ್ಟು ಬಲ, ಒರಟು ಕಡಲಿನಲ್ಲಿ ಪಕ್ಕಕ್ಕೂ 0.8. ಬೋಟು, ಇಂಜಿನು, ಕ್ರೇಡಲ್ ಸೇರಿ 970 ಕೆಜಿ, ಅಂದರೆ ತಡೆಯಬೇಕಾದದ್ದು 776 ಕೆಜಿ. ನೆಲದಂಚಿನ ಉಂಗುರ ಒಂದೊಂದು ಕನಿಷ್ಠ 1,000 ಕೆಜಿ ತಡೆಯುತ್ತದೆ, 50 ಮಿಲಿಮೀಟರಿನ ಪಾಲಿಯೆಸ್ಟರ್ ಪಟ್ಟಿ 2,500. ಸಾಮರ್ಥ್ಯ ಧಾರಾಳವಾಗಿದೆ. ಆದರೂ ಬೋಟು ಕದಲುವುದು ಪಟ್ಟಿಯನ್ನು ಕಟ್ಟಬಾರದ ಕಡೆ ಕಟ್ಟುವುದರಿಂದ. ಬೋಟಿನ ಮೇಲಿನಿಂದ ಅಡ್ಡ ಹಾಯಿಸಿ ರ್‍ಯಾಚೆಟ್ ಬಿಗಿದರೆ ಅಂಚುಗಳು ಒಳಕ್ಕೆ ಒತ್ತಿ ಜೆಲ್‌ಕೋಟಿನಲ್ಲಿ ಜೇಡನ ಬಲೆಯಂಥ ಸೀಳು ಬೀಳುತ್ತದೆ. ಪಟ್ಟಿ ಸ್ವಲ್ಪ ಹಿಗ್ಗಿದೊಡನೆ ಹಿಡಿತವೂ ಹೋಗುತ್ತದೆ. ಮೂತಿಯ ಕಬ್ಬಿಣದ ಕಣ್ಣಿನಿಂದ (ಹಗ್ಗ ಕಟ್ಟುವ ಉಂಗುರ) ಎರಡು, ಟ್ರಾನ್ಸಮ್ಮಿನ ಕಣ್ಣುಗಳಿಂದ ಎರಡು ಪಟ್ಟಿಗಳನ್ನು ಓರೆಯಾಗಿ ಕ್ರೇಡಲಿಗೆ, ಕ್ರೇಡಲಿನಿಂದ ಬೇರೆ ನಾಲ್ಕನ್ನು ಕಂಟೈನರಿನ ಉಂಗುರಗಳಿಗೆ ಕಟ್ಟಬೇಕು. ಕ್ರೇಡಲ್ ಮತ್ತು ಗೋಡೆಯ ನಡುವಿನ ಸಂದಿಗೆ ಮರ ತುಂಬುವಾಗ ಗೋಡೆಯ ಹಲವು ಏರಿಳಿತಗಳಿಗೆ ತಾಗುವಷ್ಟು ಉದ್ದದ ಹಲಗೆ ಇಡಿ. ತಗಡಿನ ಒಂದೇ ಬಿಂದುವಿಗೆ ಒತ್ತಿದರೆ ಗೋಡೆ ಉಬ್ಬಿ, ಕಂಟೈನರ್ ಕೆಟ್ಟ ಖರ್ಚು ನಿಮ್ಮ ತಲೆಗೆ ಬರುತ್ತದೆ. ಒಂದು ಗಂಟೆ ಬಿಟ್ಟು ಎಲ್ಲ ಪಟ್ಟಿ ಮತ್ತೊಮ್ಮೆ ಬಿಗಿಯಿರಿ, ಪಾಲಿಯೆಸ್ಟರ್ ಮೊದಲ ಗಂಟೆಯಲ್ಲೇ ಸಡಿಲವಾಗುತ್ತದೆ.

ನೀರು ಹರಿದುಹೋಗುವ ತಳದ ಬಿರಡೆ ತೆಗೆದು ಸ್ಟೀರಿಂಗಿಗೆ ದಾರದಲ್ಲಿ ಕಟ್ಟಿ. ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಬೇಡಿ. ಹಗಲು ಕಾದು ರಾತ್ರಿ ತಣಿಯುವ ಕಂಟೈನರಿನ ಚಾವಣಿಯಿಂದ ನೀರು ತೊಟ್ಟಿಕ್ಕುತ್ತದೆ, ಅದಕ್ಕೆ ಒಂದೂವರೆ ಕೆಜಿಯ ಕ್ಯಾಲ್ಸಿಯಂ ಕ್ಲೋರೈಡ್ ಚೀಲ ನಾಲ್ಕು ನೇತುಹಾಕುತ್ತೇನೆ. ಇಂಜಿನಿನ ನೇರ ಮೇಲೆ ಮಾತ್ರ ಬೇಡ. ತುಂಬಿದ ಚೀಲದಿಂದ ಸೋರುವ ಉಪ್ಪುನೀರು ಅಲ್ಯುಮಿನಿಯಮ್ಮನ್ನು ತಿಂದುಬಿಡುತ್ತದೆ.

ಬಾಗಿಲು ಹಾಕುವ ಮುಂಚೆ ಬೋಟಿನ ಸಂಖ್ಯೆ, ಅದು ಟ್ರಾನ್ಸಮ್ಮಿನ ಬಲ ಮೇಲ್ತುದಿಯಲ್ಲಿ ಅಚ್ಚೊತ್ತಿರುತ್ತದೆ, ಇಂಜಿನಿನ ಸಂಖ್ಯೆ, ಕಟ್ಟಿದ ಪಟ್ಟಿಗಳು, ಸೀಲಿನ ಸಂಖ್ಯೆ ಎಲ್ಲದರ ಫೋಟೊ ಬೇಕು. ಇನ್‌ವಾಯ್ಸ್, ಪ್ಯಾಕಿಂಗ್ ಪಟ್ಟಿ, ಬಿಲ್ ಆಫ್ ಲೇಡಿಂಗ್ (ಹಡಗಿನವರು ಕೊಡುವ ಸಾಗಣೆ ಪತ್ರ) ಮೂರರಲ್ಲೂ ಈ ಸಂಖ್ಯೆಗಳು ಅಕ್ಷರ ತಪ್ಪಿಲ್ಲದೆ ಒಂದೇ ಇರಲಿ. 2016ರ ಜುಲೈ 1ರಿಂದ ಕಂಟೈನರಿನ ದೃಢಪಟ್ಟ ಒಟ್ಟು ತೂಕವನ್ನು ಮೊದಲೇ ಕೊಡದಿದ್ದರೆ ಹಡಗು ಹತ್ತಿಸುವಂತಿಲ್ಲ. ಇದರಲ್ಲಿ ಕಂಟೈನರಿನ ತೂಕವೂ ಸೇರುತ್ತದೆ, ಪ್ಯಾಕಿಂಗ್ ಪಟ್ಟಿಯ ತೂಕದಲ್ಲಿ ಸೇರುವುದಿಲ್ಲ. ಎರಡನ್ನೂ ಒಂದೇ ಎಂದು ತುಂಬಿದ ಅರ್ಜಿ ವಾಪಸು ಬರುತ್ತದೆ. ವಿಮೆ ಇನ್‌ಸ್ಟಿಟ್ಯೂಟ್ ಕಾರ್ಗೊ ಕ್ಲಾಜಸ್ ಎ (ಅತಿ ವಿಶಾಲ ರಕ್ಷಣೆಯ ಷರತ್ತುಗಳು) ಆಗಿರಲಿ, ಸಿಐಎಫ್ (ಸರಕು, ವಿಮೆ, ಹಡಗಿನ ಬಾಡಿಗೆ ಕೂಡಿದ) ಬೆಲೆಯ ಶೇ. 110ಕ್ಕೆ. ಪ್ಯಾಕಿಂಗ್ ಸಾಲದ್ದರಿಂದಾದ ನಷ್ಟವನ್ನು ಎ ಕೂಡ ಕೊಡುವುದಿಲ್ಲ, ಫೋಟೊಗಳು ಬೇಕಾಗುವುದು ಅಲ್ಲೇ.

ನವಮಂಗಳೂರಿಗೆ ನೇರ ಹಡಗು ಸಿಗದೆ ಕೊಲಂಬೊದಲ್ಲೋ ಕೊಚ್ಚಿಯಲ್ಲೋ ಬದಲಿಸಬೇಕಾದರೆ ಕ್ರೇನಿನ ಎತ್ತಿಳಿಕೆ ಎರಡು ಸಲ ಹೆಚ್ಚು, ದಿನಗಳೂ ಹೆಚ್ಚು. ಬುಕಿಂಗಿನಲ್ಲೇ ಕಂಟೈನರ್ ಇಟ್ಟುಕೊಳ್ಳಲು 14 ಉಚಿತ ದಿನ ಬರೆಸಿಕೊಳ್ಳಿ, ಹಡಗು ಹೊರಟ ಮೇಲೆ ಯಾರೂ ಕೊಡುವುದಿಲ್ಲ. ಬಂದರಿನ ಡೆಮರೇಜ್ ಬೇರೆ, ಕಂಟೈನರ್ ಇಟ್ಟುಕೊಂಡದ್ದಕ್ಕೆ ಹಡಗಿನವರ ಡಿಟೆನ್ಷನ್ ಬೇರೆ, ಎರಡೂ ಒಟ್ಟಿಗೆ ಓಡುತ್ತವೆ. ಜೂನ್‌ನಿಂದ ಆಗಸ್ಟಿನವರೆಗೆ ಬಂದಿಳಿಯುವಂತೆ ಕಳಿಸಲೇಬೇಡಿ.

ಇಲ್ಲಿ ಬಾಗಿಲು ತೆರೆಯುವ ಮೊದಲು ಸೀಲಿನ ಸಂಖ್ಯೆ ತಾಳೆ ನೋಡಿ. ಹಾನಿ ಕಂಡರೆ ಅಲ್ಲೇ ಬರೆಸಿ. ಹೊರಗೆ ಕಾಣದ ಹಾನಿಗೆ ಹಡಗಿನವರಿಗೆ ಮೂರು ದಿನದೊಳಗೆ ಲಿಖಿತ ಸೂಚನೆ ಹೋಗಬೇಕು. ಹೊರತೆಗೆಯಲು ಕೆಟ್ಟ ಕಾರು ಒಯ್ಯುವ, ಹಾಸು ಬಾಗುವ ಲಾರಿಯೇ ಸರಿ. ಕಂಟೈನರನ್ನು ನೆಲಕ್ಕಿಳಿಸಿ, ಗಾಲಿ ಮತ್ತೆ ಸಿಕ್ಕಿಸಿ, ಲಾರಿಯ ವಿಂಚಿನಿಂದ ಕ್ರೇಡಲನ್ನು ಎಳೆದುಕೊಳ್ಳಬೇಕು, ಕೊಕ್ಕೆ ಬೋಟಿಗೆ ಬೀಳಬಾರದು. ಮಂಗಳೂರಿನ ಹಳೆ ಬಂದರಿನಲ್ಲಿ ನೀರಿಗಿಳಿಸಲು ಎರಡು ಅಗಲ ಪಟ್ಟಿ, ಅವುಗಳ ನಡುವೆ ಅಡ್ಡಕಂಬಿ ಇರಲಿ. ಅಡ್ಡಕಂಬಿಯಿಲ್ಲದೆ ಎತ್ತಿದರೆ ಪಟ್ಟಿಗಳೇ ಅಂಚನ್ನು ಹಿಂಡುತ್ತವೆ. ಪಟ್ಟಿ ಎಲ್ಲಿ ಕೂರಬೇಕೆಂಬ ಗುರುತನ್ನು ಕಾರ್ಖಾನೆಯಲ್ಲೇ ಅಂಚಿಗೆ ಟೇಪಿನಿಂದ ಹಾಕಿಸಿಕೊಂಡಿದ್ದರೆ ಕ್ರೇನಿನವನ ಜೊತೆ ವಾದ ಉಳಿಯುತ್ತದೆ.

ಇಂಜಿನು ಕೂರಿಸುವಾಗ ಬೋಲ್ಟಿನ ತೂತುಗಳಿಗೆ ಪಾಲಿಯುರೆಥೇನ್ ಸೀಲಂಟ್ ತುಂಬಿ, ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಿ. ಇಲ್ಲಿ ಅವಸರ ಮಾಡಿದರೆ ಟ್ರಾನ್ಸಮ್ಮಿನ ಒಳಗಿನ ಮರ ನೀರು ಕುಡಿಯುತ್ತದೆ. ಇಂಜಿನಿಗೆ ಹೊಸ ಎಣ್ಣೆ ಹಾಕಿ, ಸ್ಪಾರ್ಕ್ ಪ್ಲಗ್ ತೆಗೆದ ಸ್ಥಿತಿಯಲ್ಲೇ ಫ್ಲೈವೀಲನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ. ಸಲೀಸಾಗಿ ತಿರುಗಿದರೆ ಮಾತ್ರ ಬ್ಯಾಟರಿ ಜೋಡಿಸಿ, ಸ್ಟೀರಿಂಗಿಗೆ ಕಟ್ಟಿದ ಬಿರಡೆ ಅದರ ಜಾಗಕ್ಕೆ ಹೋಗಿದೆಯೇ ನೋಡಿಕೊಂಡು ಬೋಟು ನೀರಿಗೆ ಬಿಡಿ. ಐದು ಗಂಟೆ ಓಡಿಸಿದ ಮೇಲೆ ಆ ನಾಲ್ಕು ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ಮತ್ತೊಮ್ಮೆ ಪರೀಕ್ಷಿಸಬೇಕು.