ಓಣಿಯ ಓದುವ ಕೋಣೆ: ಕೀಲಿ ಹುಡುಗರ ಕೈಯಲ್ಲಿ

ಮುಂಜಾನೆ ಇಂಡಿ, ಸಿಂದಗಿ, ತಾಳಿಕೋಟೆ ಕಡೆಯಿಂದ ವಿಜಯಪುರಕ್ಕೆ ಬರುವ ಬಸ್ಸುಗಳಲ್ಲಿ ಮಂದಿಯ ಜೊತೆ ಬುತ್ತಿ ಡಬ್ಬಿಗಳೂ ಬರುತ್ತವೆ. ರೊಟ್ಟಿ, ಪಲ್ಯ, ಶೇಂಗಾ ಹಿಂಡಿ. ಆ ಡಬ್ಬಿಗಾಗಿ ಕಾಯುವವರು ಪಿಸಿ (ಪೊಲೀಸ್ ಕಾನ್‌ಸ್ಟೆಬಲ್), ಪಿಎಸ್‌ಐ (ಪೊಲೀಸ್ ಸಬ್ ಇನ್‌ಸ್ಪೆಕ್ಟರ್), ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗೆಂದು ಊರು ಬಿಟ್ಟು ಬಂದು, ಒಂದು ಖೋಲಿಯಲ್ಲಿ ನಾಲ್ಕೈದು ಮಂದಿ ಸೇರಿ ಇರುವ ಹುಡುಗರು. ಆ ಖೋಲಿಯಲ್ಲಿ ಮಲಗಬಹುದು, ಓದಲಾಗದು. ಯುವಜನರಿಗೆ ಏನಾದರೂ ಮಾಡೋಣ ಎಂದು ಸಭೆ ಸೇರಿದರೆ ಹಿರಿಯರ ತಲೆಗೆ ಬರುವುದು ಭಾಷಣ ಸ್ಪರ್ಧೆ, ಮ್ಯಾರಥಾನ್, ಬ್ಯಾನರ್. ಹುಡುಗರನ್ನೇ ಕೇಳಿದರೆ ರಾತ್ರಿ ಹನ್ನೊಂದರವರೆಗೆ ಒಂದು ಕುರ್ಚಿ, ಬೆಳಕು, ಫ್ಯಾನ್ ಸಾಕು ಎನ್ನುತ್ತಾರೆ. ಅದನ್ನು ಮಾಡುವ ಬಗೆ ಇಲ್ಲಿದೆ.

ಜಾಗ ಹುಡುಕುವಾಗಲೇ ಅರ್ಧ ಸೋಲು ಗೆಲುವು ತೀರ್ಮಾನವಾಗುತ್ತದೆ. ಸಮುದಾಯ ಭವನ ಸುಲಭವಾಗಿ ಸಿಗುತ್ತದೆ, ಆದರೆ ತೆಗೆದುಕೊಳ್ಳಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಲಗ್ನಕ್ಕೆ ಬುಕ್ ಆಗಿ, ಪರೀಕ್ಷೆ ಹತ್ತಿರ ಬಂದಾಗ ಟೇಬಲ್‌ಗಳು ಹೊರಗೆ ಬೀಳುತ್ತವೆ. ಮತಗಟ್ಟೆಯಾಗುವ ಶಾಲಾ ಕೋಣೆಯದೂ ಸ್ವಲ್ಪ ಇದೇ ಪಾಡು. ಮಹಾನಗರ ಪಾಲಿಕೆಯ ಹಳೆಯ ಕಚೇರಿ, ಬಳಕೆಯಿಲ್ಲದ ವಾಚನಾಲಯ, ಟ್ರಸ್ಟಿನ ಮೇಲಂತಸ್ತು ಇಂಥವು ಒಳ್ಳೆಯವು. ಅರ್ಜಿಯಲ್ಲಿ ‘ಜಾಗ ಕೊಡಿ’ ಎಂದು ಬರೆದರೆ ಕಡತ ಮೇಲೇಳುವುದಿಲ್ಲ. ‘11 ತಿಂಗಳ ಬಳಕೆಗೆ, ಇಷ್ಟು ಗಂಟೆಯಿಂದ ಇಷ್ಟು ಗಂಟೆವರೆಗೆ, ಕರೆಂಟ್ ಬಿಲ್ ನಮ್ಮದು’ ಎಂದು ಬರೆಯಿರಿ. ಪುಸ್ತಕಕ್ಕಾಗಿ ಗ್ರಂಥಾಲಯ ಇಲಾಖೆಗೆ ಬೇರೆ ಅರ್ಜಿ ಹಾಕಿ. ಆಸ್ತಿ ತೆರಿಗೆಯ ಜೊತೆ ಊರಿನವರು ಶೇ 6ರ ಗ್ರಂಥಾಲಯ ಕರವನ್ನೂ ಕಟ್ಟುತ್ತಾರೆ. ಕೇಳಲು ಸಂಕೋಚ ಬೇಡ.

30 ಅಡಿ ಉದ್ದ, 20 ಅಡಿ ಅಗಲದ ಕೋಣೆಯಲ್ಲಿ 30 ಕುರ್ಚಿ ಹಾಕಿ, ಹೆಚ್ಚಿಗೆ ಬೇಡ. ಒಬ್ಬರಿಗೆ ಓಡಾಟದ ಜಾಗವೂ ಸೇರಿ 20 ಚದರ ಅಡಿ ಬೇಕು. 40 ಹಾಕಿದರೆ ಒಬ್ಬ ಎದ್ದಾಗ ಆರು ಮಂದಿ ತಲೆ ಎತ್ತುತ್ತಾರೆ. ಕುರ್ಚಿಯ ಕಾಲಿಗೆ ರಬ್ಬರ್ ಬುಶ್ ಹಾಕಿಸಿ. ಸಣ್ಣ ಖರ್ಚು, ಆದರೆ ಶಹಾಬಾದ್ ಕಲ್ಲಿನ ನೆಲದ ಮೇಲೆ ಕುರ್ಚಿ ಎಳೆದ ಕಿರ್ರ್ ಸದ್ದಿಗೇ ಅರ್ಧ ಜಗಳಗಳು ಹುಟ್ಟುತ್ತವೆ.

ಬೆಳಕಿನಲ್ಲಿ ಲೆಕ್ಕ ತಪ್ಪುವವರು ಬಹಳ. ಓದಲು ಟೇಬಲ್ ಮೇಲೆ ಕನಿಷ್ಠ 300 ಲಕ್ಸ್ (ಬೆಳಕಿನ ಅಳತೆ) ಬೇಕು. ಇಷ್ಟು ದೊಡ್ಡ ಕೋಣೆಗೆ 20 ವ್ಯಾಟಿನ ಎಲ್‌ಇಡಿ ಟ್ಯೂಬ್ 14 ಬೇಕಾಗುತ್ತವೆ. ಆರು ಹಾಕಿ ‘ಬೆಳಕು ಸಾಕು’ ಎನ್ನುವುದು ನಿಂತು ನೋಡುವವರ ಮಾತು. ಟ್ಯೂಬ್‌ಗಳನ್ನು ಒಂದು ಬಿಟ್ಟು ಒಂದರಂತೆ ಎರಡು ಲೈನಿಗೆ ಜೋಡಿಸಿ, ಒಂದು ಲೈನನ್ನು ಮಾತ್ರ ಇನ್ವರ್ಟರ್‌ಗೆ ಕೊಡಿ. ಕಡಿಮೆ ಕರೆಂಟ್ ತಿನ್ನುವ ಬಿಎಲ್‌ಡಿಸಿ ಫ್ಯಾನ್ ಆರು, ಅದರಲ್ಲಿ ಮೂರು ಇನ್ವರ್ಟರ್ ಮೇಲೆ. ಆಗ ಹೊರೆ 235 ವ್ಯಾಟಿನ ಆಸುಪಾಸು; 150 ಎಎಚ್‌ನ ಹೊಸ ಬ್ಯಾಟರಿ ಒಂದಿದ್ದರೆ ನಾಲ್ಕೂವರೆ ಗಂಟೆ ದಾಟಿಸುತ್ತದೆ. ಎಲ್ಲವನ್ನೂ ಅದಕ್ಕೇ ಹಚ್ಚಿದರೆ ಎರಡೂವರೆ ಗಂಟೆಗೆ ಕತ್ತಲೆ. ಪ್ರತಿ ಟೇಬಲ್ಲಿಗೂ ಪ್ಲಗ್ ಪಾಯಿಂಟ್ ಕೊಡಬೇಡಿ. ಮೊಬೈಲ್, ಲ್ಯಾಪ್‌ಟಾಪ್ ಚಾರ್ಜರ್‌ಗಳೇ ಬ್ಯಾಟರಿ ಹೀರುತ್ತವೆ. ಒಂದೇ ಗೋಡೆಗೆ ಎಂಟು ಪಾಯಿಂಟ್, ಅವೂ ಹೆಸ್ಕಾಂ ಕರೆಂಟ್ ಇದ್ದಾಗ ಮಾತ್ರ. ಮೊಬೈಲ್ ಅಲ್ಲಿ ಚಾರ್ಜಿಗೆ ಕೂತರೆ ಕೈಯಲ್ಲಿ ಇರುವುದಿಲ್ಲ, ಅದೂ ಒಂದು ಲಾಭ. ನಮ್ಮ ಬೇಸಿಗೆಯಲ್ಲಿ ಬ್ಯಾಟರಿಯ ನೀರನ್ನು ತಿಂಗಳಿಗೊಮ್ಮೆ ನೋಡಲೇಬೇಕು. ಪ್ಲೇಟು ಬಯಲಾದ ಬ್ಯಾಟರಿ ಮತ್ತೆ ಮೊದಲಿನಂತಾಗುವುದಿಲ್ಲ.

ಪುಸ್ತಕ ಇಟ್ಟು ಜಾಗ ಹಿಡಿಯುವ ರೋಗ ಮೊದಲ ವಾರದಲ್ಲೇ ಬರುತ್ತದೆ. ಮುಂಜಾನೆ ಆರಕ್ಕೆ ಚೀಲ ಇಟ್ಟು ಹೋದವನು ಹನ್ನೊಂದಕ್ಕೆ ಬರುತ್ತಾನೆ. ಬಾಗಿಲ ಬಳಿ 30 ಮೊಳೆ ಹೊಡೆದ ಹಲಗೆ ಇಡಿ, ಮೊಳೆಗೊಂದು ಬಿಲ್ಲೆ. ಹೊರಗೆ ಹೋಗುವವನು ಬಿಲ್ಲೆ ತಿರುವಿ, ಸೀಸದಕಡ್ಡಿಯಲ್ಲಿ ಸಮಯ ಬರೆಯಬೇಕು. 45 ನಿಮಿಷ ದಾಟಿದರೆ ಪುಸ್ತಕ ಕಪಾಟಿಗೆ, ಕುರ್ಚಿ ಮುಂದಿನವನಿಗೆ. ಈ ಕೆಲಸವನ್ನು ಹಿರಿಯರು ಮಾಡಿದರೆ ದಬ್ಬಾಳಿಕೆ ಅನಿಸುತ್ತದೆ, ಹುಡುಗರೇ ಮಾಡಿದರೆ ನಿಯಮ. ಅದಕ್ಕೇ ಐದು ಮಂದಿಯ ಸಮಿತಿ, ಅದರಲ್ಲಿ ಇಬ್ಬರು ಹುಡುಗಿಯರು, ಮೂರು ತಿಂಗಳಿಗೊಮ್ಮೆ ಬದಲು. ಕೀಲಿ ಮೂರು: ಬಾಗಿಲು ತೆರೆಯುವವನದೊಂದು, ಮುಚ್ಚುವವನದೊಂದು, ಮೂರನೆಯದು ಎದುರಿನ ಕಿರಾಣಿ ಅಂಗಡಿಯಲ್ಲಿ.

ಪೂರ್ತಿ ಪುಕ್ಕಟೆ ಮಾಡಿದರೆ ಬಾರದವರ ಹೆಸರೇ ಪಟ್ಟಿ ತುಂಬುತ್ತದೆ. ತಿಂಗಳಿಗೆ 100 ರೂಪಾಯಿ, ಮರಳಿ ಕೊಡುವ ಠೇವಣಿ 200. ಎರಡು ಪಾಳಿಗೆ 60 ಮಂದಿಯಾದರೆ 6,000 ರೂಪಾಯಿ ಬರುತ್ತದೆ. ಕರೆಂಟ್ ಸುಮಾರು 200 ಯೂನಿಟ್, ಕಸ ಹೊಡೆಯುವವರ ಸಂಬಳ, ಪತ್ರಿಕೆ, ನೀರಿನ ಕ್ಯಾನ್ ಇಷ್ಟಕ್ಕೆ ಹೊಂದುತ್ತದೆ. ಜಮಾಖರ್ಚನ್ನು ಪ್ರತಿ ತಿಂಗಳು ಗೋಡೆಗೆ ಅಂಟಿಸಿ.

ಸಂಜೆ ಏಳರ ನಂತರ ಹುಡುಗಿಯರು ಬರುವುದು ನಿಂತರೆ ಕೋಣೆಯಲ್ಲಿ ತಪ್ಪು ಹುಡುಕಬೇಡಿ, ದಾರಿ ನಡೆದು ನೋಡಿ. ಆರಿದ ಬೀದಿದೀಪ, ಮೂಲೆಯ ಪಾನ್ ಡಬ್ಬಿ, ಕೊನೆಯ ಸಿಟಿ ಬಸ್ಸು. ದೀಪದ ಕಂಬದ ಸಂಖ್ಯೆ ಬರೆದು ಪಾಲಿಕೆಗೆ ದೂರು ಕೊಡಿ. ‘ನಮ್ಮ ಓಣಿಯಲ್ಲಿ ದೀಪವಿಲ್ಲ’ ಎಂದರೆ ಯಾರೂ ಬರುವುದಿಲ್ಲ. ಎಂಟೂವರೆಗೆ ಹುಡುಗಿಯರೆಲ್ಲರೂ ಗುಂಪಾಗಿ ಹೊರಡುವ ಪದ್ಧತಿ ಇಡಿ. ಬೇರೆ ಶೌಚಾಲಯ, ಒಳಚಿಲಕ, ನೀರು ಇಲ್ಲದಿದ್ದರೆ ಉಳಿದ ಮಾತೆಲ್ಲ ವ್ಯರ್ಥ.

ಭಾನುವಾರ ಅಣಕು ಪರೀಕ್ಷೆ. ಕಾನ್‌ಸ್ಟೆಬಲ್ ಮಾದರಿಯಾದರೆ 100 ಪ್ರಶ್ನೆ, 90 ನಿಮಿಷ, ತಪ್ಪಿಗೆ ಕಾಲು ಅಂಕ ಕಡಿತ. ಓಎಂಆರ್ ಹಾಳೆಯಲ್ಲೇ ತುಂಬಿಸಿ. ಕೀ ಉತ್ತರ ಓದಿ ಮುಗಿಸಿದರೆ ಪ್ರಯೋಜನವಿಲ್ಲ. ಹೆಚ್ಚು ಮಂದಿ ತಪ್ಪಿದ ಹತ್ತು ಪ್ರಶ್ನೆ ಆರಿಸಿ, ಸರಿ ಬರೆದವರಿಂದ ಹಲಗೆಯ ಮೇಲೆ ಬಿಡಿಸಿ.

ಶನಿವಾರ ಸಂಜೆ ಕಾಗದಪತ್ರದ ಸರದಿ. ಅಂಕ ಬಂದೂ ನೌಕರಿ ತಪ್ಪುವುದು ಇಲ್ಲಿ. ಗ್ರಾಮೀಣ ಮೀಸಲಾತಿ ಶೇ 25, ಕನ್ನಡ ಮಾಧ್ಯಮ ಶೇ 5; ಎರಡಕ್ಕೂ ಒಂದರಿಂದ ಹತ್ತನೆಯವರೆಗಿನ ಅಭ್ಯಾಸದ ಪ್ರಮಾಣಪತ್ರ ಬೇಕು. ನಾಲ್ಕನೆಯವರೆಗೆ ಒಂದು ಶಾಲೆ, ಏಳರವರೆಗೆ ಇನ್ನೊಂದು, ಆಮೇಲೆ ಮತ್ತೊಂದು ಎಂದಿದ್ದರೆ ಮೂರೂ ಕಡೆ ತಿರುಗಬೇಕು. ರಜೆಯಲ್ಲಿ ಮುಖ್ಯೋಪಾಧ್ಯಾಯರು ಸಿಗುವುದಿಲ್ಲ. ಅರ್ಜಿಯ ಕೊನೆಯ ದಿನಾಂಕದ ನಂತರ ಪಡೆದ ಪತ್ರ ಪರಿಶೀಲನೆಯಲ್ಲಿ ಬಿದ್ದುಹೋಗುತ್ತದೆ, ಆದ್ದರಿಂದ ಅಧಿಸೂಚನೆಗೆ ಕಾಯದೆ ಮಾಡಿಸಿಡಿ. ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಸಿಗುವ ಮೀಸಲಾತಿ ವಿಜಯಪುರ ಜಿಲ್ಲೆಗೆ ಅನ್ವಯಿಸುವುದಿಲ್ಲ. ನಮ್ಮ ಬಸ್ಸಿನ ಮೇಲೆ ‘ಕಲ್ಯಾಣ ಕರ್ನಾಟಕ’ ಎಂದಿರುವುದರಿಂದ ಮೋಸ ಹೋಗಬೇಡಿ.

ವಾರಕ್ಕೆ ಮೂರು ದಿನ ಮುಂಜಾನೆ ಐದೂವರೆಗೆ ಮೈದಾನ. ಪಿಸಿ ಪುರುಷರಿಗೆ 1600 ಮೀಟರ್ ಆರೂವರೆ ನಿಮಿಷದಲ್ಲಿ, ಮಹಿಳೆಯರಿಗೆ 400 ಮೀಟರ್ ಎರಡು ನಿಮಿಷದಲ್ಲಿ. 400 ಮೀಟರ್ ಟ್ರ್ಯಾಕಿನಲ್ಲಿ ಹುಡುಗರಿಗೆ ಸುತ್ತಿಗೆ 97 ಸೆಕೆಂಡ್ ಬೀಳುತ್ತದೆ. ಹೊಸಬ ಮೊದಲ ಸುತ್ತನ್ನು 75ರಲ್ಲಿ ಓಡಿ ಮೂರನೆಯದರಲ್ಲಿ ಸೊಂಟ ಹಿಡಿದು ನಿಲ್ಲುತ್ತಾನೆ. 200 ಮೀಟರನ್ನು 48 ಸೆಕೆಂಡಿನಲ್ಲಿ ಎಂಟು ಸಲ, ನಡುವೆ ಒಂದು ನಿಮಿಷ ನಡಿಗೆ. ಕೈಗಡಿಯಾರ ಹಿಡಿದವನು ಬೇಗ ಬಂದವನನ್ನೂ ಬೈಯಬೇಕು. ಡಾಂಬರು ರಸ್ತೆ ಮೇಲೆ ಓಡಿಸಿದರೆ ಎರಡನೆಯ ವಾರಕ್ಕೆ ಮೊಣಕಾಲ ಕೆಳಗಿನ ಎಲುಬು ನೋಯಲು ಸುರುವಾಗುತ್ತದೆ. ಅಂಥವನಿಗೆ ಒಂದು ವಾರ ಓಟ ಬಂದ್, ಸೈಕಲ್ ತುಳಿಯಲಿ.