ಕಾಡಿನ ಋಣಕ್ಕೊಂದು ಹಾಡು ಕಟ್ಟುವ ಬಗೆ

ಕಾಡು ಉಳಿಸುವ ಹಾಡು ಬರೆಯಲು ಕೂತವರಲ್ಲಿ ಹೆಚ್ಚಿನವರು ಪ್ರಕೃತಿ ಮಾತೆಯಿಂದಲೇ ಶುರು ಮಾಡುತ್ತಾರೆ. ನನ್ನ ಜೊತೆ ಹಾಡು ಕಟ್ಟಲು ಬರುವವರಿಗೆ ನಾನು ಮೊದಲು ಹೇಳುವ ಮಾತು, ಆ ಪದವನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ ಅಂತ. ಇಡೀ ಪ್ರಕೃತಿಗೆ ಒಟ್ಟಾಗಿ ಕೈಮುಗಿದರೆ ಕೇಳುವವನ ಕಣ್ಣೆದುರು ಏನೂ ಬಂದು ನಿಲ್ಲುವುದಿಲ್ಲ. ಒಂದು ಹಕ್ಕಿ, ಇಲ್ಲವೇ ಒಂದು ಮರ, ಇಲ್ಲವೇ ಒಂದು ಹೊಳೆಯ ತಿರುವು ಆರಿಸಿಕೊಳ್ಳಿ. ಅದು ಮಾಡುವ ಯಾವ ಕೆಲಸಕ್ಕೆ ನೀವು ಋಣಿ ಅನ್ನುವುದನ್ನು ಹುಡುಕಿ.

ನಾನು ಹೆಚ್ಚು ಹಾಡಿರುವುದು ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಯನ್ನು ಕುರಿತು, ಹಾಗಾಗಿ ಅದನ್ನೇ ಹಿಡಿದು ಹೇಳುತ್ತೇನೆ. ಹಾಳೆಯ ಮೇಲೆ ಹಕ್ಕಿಯ ವರ್ಣನೆ ಬೇಡ, ಅದು ಮಾಡುವುದನ್ನು ಮಾತ್ರ ಬರೆಯಿರಿ. ನುಂಗುತ್ತದೆ, ಹಾರುತ್ತದೆ, ಉಗಿಯುತ್ತದೆ. ಬೇರೆ ಹಕ್ಕಿಗಳ ಗಂಟಲಲ್ಲಿ ಇಳಿಯದ ದಪ್ಪ ಹಣ್ಣನ್ನು ನುಂಗಿ, ಬೀಜವನ್ನು ತಾಯಿಮರದಿಂದ ದೂರ ಒಯ್ದು ಹಾಕುತ್ತದೆ. ಗೂಡಿನ ಕಾಲಕ್ಕೆ ಹೆಣ್ಣು ಮರದ ಪೊಟರೆಯೊಳಗೆ ಸೇರಿ ಪೊಟರೆಯ ಬಾಯಿಯನ್ನು ಮೆತ್ತಿ ಮುಚ್ಚುತ್ತದೆ, ಕೊಕ್ಕಿನಷ್ಟು ಸೀಳು ಮಾತ್ರ ಉಳಿಯುತ್ತದೆ. ಗಂಡು ವಾರಗಟ್ಟಲೆ, ದೊಡ್ಡ ಜಾತಿಗಳಲ್ಲಿ ತಿಂಗಳುಗಟ್ಟಲೆ, ಆ ಸೀಳಿನಿಂದಲೇ ಉಣಿಸುತ್ತದೆ. ಇಷ್ಟು ತಿಳಿದ ಮೇಲೆ ‘ಸುಂದರ’, ‘ಮನೋಹರ’ ಎಂಬ ಪದಗಳು ತಾವಾಗಿಯೇ ಉದುರಿಹೋಗುತ್ತವೆ.

ಈಗ ಪಲ್ಲವಿ. ಹಕ್ಕಿಯನ್ನು ‘ಅದು’ ಎನ್ನದೆ ‘ನೀನು’ ಎಂದು ಕರೆಯಿರಿ, ಧನ್ಯವಾದ ಎದುರಿಗಿದ್ದವರಿಗೆ ಹೇಳುವಂಥದ್ದು. ನನ್ನದು ಹೀಗಿದೆ:

ನೀನು ನುಂಗಿ ಉಗಿದ ಬೀಜ
ನಾನು ಕುಳಿತ ನೆರಳು ಇಂದು
ಯಾವ ಮಾತು ಸಾಕು ಹಕ್ಕಿ
ನಿನ್ನ ಋಣವ ಕಳೆಯಲೆಂದು

ತೊಡೆ ತಟ್ಟುತ್ತಾ ‘ತಕಿಟ ತಕಿಟ’ ಎಂದು ಹೇಳಿಕೊಂಡು ಓದಿ. ಪ್ರತಿ ಪದವೂ ಮೂರು ಮಾತ್ರೆಯ ಗಣದಲ್ಲಿ ಕೂರುತ್ತದೆ, ಕೊನೆಯ ‘ಕಳೆಯಲೆಂದು’ ಮಾತ್ರ ಅಂಥ ಎರಡು ಗಣ. ಮೊದಲೆರಡು ಸಾಲಿಗೆ ‘ನು’ ಆದಿಪ್ರಾಸ, ಇಂದು–ಎಂದು ಅಂತ್ಯಪ್ರಾಸ. ಪ್ರಾಸಕ್ಕಾಗಿ ಹಕ್ಕಿ ಮಾಡದ ಕೆಲಸವನ್ನು ಮಾತ್ರ ಅದರ ತಲೆಗೆ ಕಟ್ಟಬೇಡಿ, ಪ್ರಾಸ ಬಿಟ್ಟರೂ ಚಿಂತೆಯಿಲ್ಲ. ದೊಡ್ಡ ಮಂಗಟ್ಟೆ ರೆಕ್ಕೆ ಬಡಿದರೆ ದೂರಕ್ಕೂ ಕೇಳುತ್ತದೆ; ನಾಲ್ಕಾರು ಬಡಿತ, ಆಮೇಲೆ ಒಂದು ತೇಲಾಟ. ಅದಕ್ಕೇ ಪ್ರತಿ ಸಾಲಿನ ಕೊನೆಗೆ ಒಂದು ಗಣದಷ್ಟು ಬಿಡುವು ಬಿಟ್ಟು ಹಾಡುತ್ತೇನೆ. ನಿಮ್ಮ ಜೀವಿಯ ಚಲನೆಯಲ್ಲೂ ಒಂದು ನಡೆ ಇರುತ್ತದೆ. ರಾಗಕ್ಕೆ ಮುಂಚೆ ಅದನ್ನು ಹಿಡಿಯಿರಿ.

ಚರಣಗಳಿಗೆ ಹೆಚ್ಚು ಹೇಳುವುದಿಲ್ಲ. ಒಂದರಲ್ಲಿ ಒಂದೇ ಕೆಲಸ, ಎರಡು ಚರಣ ಸಾಕು.

ಕಷ್ಟವಿರುವುದು ಕೊನೆಯ ಚರಣದಲ್ಲಿ. ಕೃತಜ್ಞತೆ ಇಲ್ಲಿ ಬೇಡಿಕೆಯಾಗಬೇಕು, ಆ ಬೇಡಿಕೆ ನೀವು ಮೊದಲು ಬರೆದ ಹಾಳೆಯಿಂದಲೇ ಹುಟ್ಟಬೇಕು. ಮಂಗಟ್ಟೆ ತಾನಾಗಿ ಪೊಟರೆ ಕೊರೆಯಲಾರದು. ಅದಕ್ಕೆ ಬೇಕಿರುವುದು ಆಗಲೇ ಪೊಟರೆಬಿದ್ದ, ದಪ್ಪ ಕಾಂಡದ ಹಳೆಯ ಮರ. ಇಂದು ನೆಟ್ಟ ಸಸಿ ಆ ಮಟ್ಟಕ್ಕೆ ಬರಲು ತಲೆಮಾರುಗಳೇ ಹಿಡಿಯುತ್ತವೆ. ಆದ್ದರಿಂದ ನನ್ನ ಹಾಡು ‘ಗಿಡ ನೆಡಿ’ ಎಂದು ಕೇಳುವುದಿಲ್ಲ, ‘ಹಳೆಯ ಮರವನ್ನು ನಿಲ್ಲಗೊಡಿ’ ಎಂದು ಕೇಳುತ್ತದೆ. ಉಪಕಾರವನ್ನು ಸರಿಯಾಗಿ ಗುರುತಿಸಿದವನಿಗೆ ಏನು ಕೇಳಬೇಕೆಂಬುದೂ ಸರಿಯಾಗಿ ಗೊತ್ತಿರುತ್ತದೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಸಾಧ್ಯವಿದ್ದರೆ ಆ ಜೀವಿಯ ದನಿಗೂ ಹಾಡಿನಲ್ಲಿ ಜಾಗ ಕೊಡಿ. 1970ರಲ್ಲಿ ಗೂನುಬೆನ್ನಿನ ತಿಮಿಂಗಿಲಗಳ ದನಿಯ ಧ್ವನಿಮುದ್ರಿಕೆ ಹೊರಬಂತು. ಅವು ಒಂದೊಂದು ಸ್ವರಗುಚ್ಛವನ್ನು ಕ್ರಮವಾಗಿ ಮತ್ತೆ ಮತ್ತೆ ಹಾಡುತ್ತವೆ, ಪಲ್ಲವಿಗೆ ಮರಳುವವರ ಹಾಗೆ. ಎಣ್ಣೆಗಾಗಿ ಕೊಲ್ಲುತ್ತಿದ್ದ ಪ್ರಾಣಿ ಹಾಡುಗಾರ ಎಂದು ಲಕ್ಷಾಂತರ ಜನ ಕಿವಿಯಾರೆ ಕೇಳಿದರು, ಬೇಟೆ ನಿಲ್ಲಿಸಬೇಕೆಂಬ ಕೂಗಿಗೆ ಬಲ ಬಂತು. 1982ರಲ್ಲಿ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗ ವಾಣಿಜ್ಯ ಬೇಟೆಗೆ ತಡೆ ಹಾಕುವ ನಿರ್ಧಾರ ಮಾಡಿತು. ದನಿ ಹಿಡಿಯಲು ಫೋನಿನ ರೆಕಾರ್ಡರ್ ಸಾಕು. ಬೆಳಗಿನ ಜಾವ ಹೋಗಿ, ಗಾಳಿಗೆ ಬೆನ್ನು ಕೊಟ್ಟು ಫೋನನ್ನು ಮೈಮರೆಯಲ್ಲಿ ಹಿಡಿಯಿರಿ, ಗೂಡಿನಿಂದ ದೂರವಿರಿ. ಹಿಡಿದ ಕೂಗನ್ನು ಅಲ್ಲೇ ಜೋರಾಗಿ ನುಡಿಸಿ ಹಕ್ಕಿಯನ್ನು ಕರೆಯಬೇಡಿ. ಎದುರಾಳಿ ಬಂದನೆಂದು ಅದು ಮರಿಗಳನ್ನು ಬಿಟ್ಟು ಓಡಾಡುತ್ತದೆ.

ಹಾಡು ಸಿದ್ಧವಾದ ಮೇಲೆ ಅದಕ್ಕೆ ಕೆಲಸ ಕೊಡಿ. 1970ರ ಅಕ್ಟೋಬರ್‌ನಲ್ಲಿ ವ್ಯಾಂಕೂವರ್‌ನಲ್ಲಿ ನಡೆದ ಒಂದು ಸಂಗೀತ ಕಛೇರಿಯ ಹಣದಿಂದ ಮರುವರ್ಷ ಒಂದು ದೋಣಿ ಅಲಾಸ್ಕಾದ ಆಮ್ಚಿಟ್ಕಾ ದ್ವೀಪದಲ್ಲಿ ಅಮೆರಿಕ ನಡೆಸಲಿದ್ದ ಅಣುಪರೀಕ್ಷೆಯನ್ನು ವಿರೋಧಿಸಿ ಹೊರಟಿತು. ಆ ವರ್ಷದ ಪರೀಕ್ಷೆ ನಿಲ್ಲಲಿಲ್ಲ, ಆದರೆ ಆ ದ್ವೀಪದಲ್ಲಿ ಅದೇ ಕೊನೆಯದಾಯಿತು. ನಿಮ್ಮ ಸಭೆ ಚಿಕ್ಕದಿರಬಹುದು. ಮರದ ಹೆಸರು, ಅದು ನಿಂತಿರುವ ಜಾಗ, ಅದರ ಮೇಲಿರುವ ಆಪತ್ತು, ಇಷ್ಟನ್ನು ಕೊನೆಯ ಪಲ್ಲವಿಗೆ ಮೊದಲೇ ಮಾತಿನಲ್ಲಿ ಹೇಳಿ. ಮನವಿ ಪತ್ರವನ್ನೂ ಪೆನ್ನನ್ನೂ ಆಗಲೇ ಸಭೆಯಲ್ಲಿ ಹಾಯಿಸಿ, ಚಪ್ಪಾಳೆ ಮುಗಿದ ಮೇಲೆ ಜನ ಎದ್ದು ಹೊರಡುತ್ತಾರೆ.